ಮದ್ದು ಹೋದ ದಾರಿ

ಕನ್ನಡದ ‘ಮದ್ದು’ ಎಂಬ ಶಬ್ದಕ್ಕೆ ಎರಡು ಮುಖಗಳುಂಟು. ರೋಗಿಗೆ ಕೊಡುವುದೂ ಮದ್ದು. ಹಗೆಯವನು ಅನ್ನದಲ್ಲಿ ಬೆರೆಸಿ ಇಕ್ಕುವುದೂ ಮದ್ದು. ಮಠದ ಪಾಠಶಾಲೆಯಲ್ಲಿ ನಿಘಂಟನ್ನು ಬಾಯಿಪಾಠ ಮಾಡುತ್ತಿದ್ದ ಕಾಲದಲ್ಲಿ ನಮಗೆ ಇದೊಂದು ಮಾತಿನ ಚಮತ್ಕಾರವಾಗಿ ತೋರಿತ್ತು. ಒಂದೇ ಸೀಸೆಯಲ್ಲಿ ಆ ಎರಡು ಅರ್ಥಗಳೂ ಏಕಕಾಲದಲ್ಲಿ ಇರಬಲ್ಲವೆಂಬುದು ತಿಳಿದದ್ದು ಬಹಳ ತಡವಾಗಿ. ಹಾಗೆ ತಿಳಿದ ಸಂಗತಿಯಲ್ಲಿ ನಮ್ಮ ಕೈಯೂ ಇದ್ದುದರಿಂದ ಅದನ್ನು ಓದುಗ ಬಂಧುಗಳ ಮುಂದೆ ಇಡಬೇಕೆನಿಸಿದೆ. ಮನೆಯಲ್ಲಿ ದನಕರುಗಳನ್ನು ಕಟ್ಟಿಕೊಂಡವರು ಇದನ್ನು ವಿಶೇಷವಾಗಿ ಗಮನಿಸಬೇಕೆಂದು ವಿನಂತಿ.

1970ರ ಆಸುಪಾಸಿನಲ್ಲಿ ನಾವು ಮಠದಲ್ಲಿ ಓದುತ್ತಿದ್ದ ಹುಡುಗರು. ಊರಿನ ಪಡುವಣಕ್ಕೆ, ಹಳ್ಳದ ಆಚೆ, ಒಂದು ಬೋಳು ದಿಬ್ಬವಿತ್ತು. ಊರಲ್ಲಿ ಎತ್ತೋ ಎಮ್ಮೆಯೋ ಸತ್ತರೆ ಅಲ್ಲಿಗೆ ಒಯ್ಯುತ್ತಿದ್ದರು. ಚರ್ಮ ಬಿಡಿಸಿಕೊಳ್ಳುವವರು ಬಿಡಿಸಿಕೊಂಡು ಹಿಂದೆ ಸರಿದರೆ ಸಾಕು, ಅಷ್ಟು ಹೊತ್ತು ಬರಿದಾಗಿ ಕಾಣುತ್ತಿದ್ದ ಆಕಾಶದಲ್ಲಿ ಒಂದು ಚುಕ್ಕೆ, ಅದರ ಹಿಂದೆ ಮತ್ತೊಂದು, ಹೀಗೆ ನೋಡುನೋಡುತ್ತಿದ್ದಂತೆ ಮೂವತ್ತು ನಲವತ್ತು ರಣಹದ್ದುಗಳು ಸುತ್ತುಹಾಕುತ್ತ ಇಳಿಯುತ್ತಿದ್ದವು. ಅವುಗಳ ಬೋಳು ಕುತ್ತಿಗೆ, ಬುಸುಗುಟ್ಟುವ ಜಗಳ, ರೆಕ್ಕೆ ಬಡಿಯುವ ಸದ್ದು ನಮಗೆ ಹೇಸಿಗೆಯೂ ಹೌದು, ಕುತೂಹಲವೂ ಹೌದು. ಒಂದು ತಾಸು ತುಂಬುವುದರೊಳಗೆ ಅಲ್ಲಿ ಎಲುಬಿನ ಗೂಡಲ್ಲದೆ ಬೇರೇನೂ ಉಳಿಯುತ್ತಿರಲಿಲ್ಲ. ಎಲುಬು ಆಯುವವರು ಕೆಲವು ದಿನಗಳ ಮೇಲೆ ಬಂದು ಅದನ್ನೂ ಗಾಡಿಗೆ ಹೇರುತ್ತಿದ್ದರು. ಹುಡುಗರು ಕಲ್ಲು ಬೀರಿ ಹದ್ದುಗಳನ್ನು ಎಬ್ಬಿಸುವುದನ್ನು ಕಂಡ ನಮ್ಮ ಗುರುಗಳು ಒಮ್ಮೆ ಕರೆದು ಗದರಿದರು: “ಅವು ಬಾರದೆ ಹೋದರೆ ನಾಳೆ ಆ ದಿಬ್ಬವನ್ನು ನೀನು ಹೋಗಿ ಬಾಚುವೆಯೇನು?” ನಾವು ನಕ್ಕೆವು. ಅವು ಬಾರದಿರುವ ದಿನವೂ ಬರಬಹುದೆಂದು ಆಗ ಯಾರು ಎಣಿಸಿದ್ದರು?

ಅವು ಬರುವುದು ನಿಂತ ದಿನ ಯಾವುದೆಂದು ನಮ್ಮೂರಿನಲ್ಲಿ ಯಾರೂ ಹೇಳಲಾರರು. ಬಂದದ್ದು ಕಣ್ಣಿಗೆ ಬೀಳುತ್ತದೆ, ಬಾರದಿರುವುದು ಬೀಳುವುದಿಲ್ಲ. 1990ರ ದಶಕದಲ್ಲಿ ನಲವತ್ತಿದ್ದವು ಹತ್ತಾದವು, ಹತ್ತಿದ್ದವು ನಾಲ್ಕಾದವು. ಆಮೇಲೆ ದಿಬ್ಬದ ಮೇಲೆ ನಾಯಿಗಳು ಮಾತ್ರ ಉಳಿದವು. ದೊಡ್ಡ ಮರಗಳನ್ನು ಕಡಿದದ್ದರಿಂದ ಹದ್ದುಗಳು ಬೇರೆ ಸೀಮೆಗೆ ಹೋದವೆಂದು ಕೆಲವರು, ಹೊಲಗಳಿಗೆ ಹೊಡೆಯುವ ಕೀಟನಾಶಕವೇ ಕಾರಣವೆಂದು ಕೆಲವರು ಹೇಳಿದರು. ಕೀಟನಾಶಕದ ಮೇಲೆ ನಮ್ಮದೂ ಗುಮಾನಿಯಿತ್ತು. ಅದು ತಪ್ಪು ಗುಮಾನಿಯೆಂದು ಈಗ ಗೊತ್ತಾಗಿದೆ.

ಇದೇ ಕಾಲಕ್ಕೆ ರಾಜಸ್ಥಾನದ ಭರತಪುರದ ಕೇವಲಾದೇವ ಪಕ್ಷಿಧಾಮದಲ್ಲಿ ವಿಭು ಪ್ರಕಾಶ್ ಎಂಬ ಪಕ್ಷಿವಿಜ್ಞಾನಿಗಳು ಹದ್ದುಗಳ ಗೂಡುಗಳನ್ನು ಎಣಿಸುತ್ತಿದ್ದರು. 1980ರ ದಶಕದಲ್ಲಿ ತುಂಬಿದ್ದ ಮರಗಳು 1990ರ ದಶಕದ ಕೊನೆಗೆ ಬರಿದಾಗುತ್ತಿದ್ದವು. ಹದ್ದುಗಳು ದಿನಗಟ್ಟಲೆ ಕುತ್ತಿಗೆ ಜೋಲುಬಿಟ್ಟು ಕೊಂಬೆಯ ಮೇಲೆ ಕುಳಿತಿದ್ದು ಕೊನೆಗೆ ಹಣ್ಣೆಲೆಯಂತೆ ಉದುರುವುದನ್ನು ಅವರು ಕಂಡರು. ಯಾವುದೋ ಹೊಸ ಸೋಂಕು ಇರಬೇಕೆಂದು ವಿಜ್ಞಾನಿಗಳು ವರ್ಷಗಟ್ಟಲೆ ಹುಡುಕಿದರು, ಸಿಕ್ಕಲಿಲ್ಲ. ಉತ್ತರ ದೊರೆತದ್ದು ಪಾಕಿಸ್ತಾನದ ಪಂಜಾಬಿನಲ್ಲಿ. ಲಿಂಡ್ಸೆ ಓಕ್ಸ್ ಎಂಬ ಅಮೆರಿಕದ ಪಶುವೈದ್ಯ ವಿಜ್ಞಾನಿ ಮತ್ತು ಅವರ ಸಂಗಡಿಗರು ಸತ್ತ ಹದ್ದುಗಳನ್ನು ಸೀಳಿ ನೋಡಿದಾಗ, ಒಳಗಿನ ಅಂಗಗಳ ಮೇಲೆಲ್ಲ ಸುಣ್ಣ ಬಳಿದಂತೆ ಬಿಳಿಯ ಲೇಪವೊಂದು ಹರಡಿತ್ತು. ಅದು ಯೂರಿಕ್ ಆಮ್ಲ. ಮೂತ್ರಪಿಂಡ ಕೆಟ್ಟು, ಹೊರಹೋಗಬೇಕಾದ ಕಶ್ಮಲ ಒಳಗೇ ಹೆಪ್ಪುಗಟ್ಟಿದ ಗುರುತು. ಮೂತ್ರಪಿಂಡವನ್ನು ಕೆಡಿಸಿದವರು ಯಾರು? ಹದ್ದಿಗೆ ಅನ್ನವಾಗಿದ್ದುದು ದನದ ಹೆಣ. ಆದುದರಿಂದ ದನಕ್ಕೆ ಏನೇನು ಕೊಡುತ್ತಿದ್ದಾರೆ ಎಂದು ಅವರು ಔಷಧ ಮಾರುವವರನ್ನೂ ಪಶುವೈದ್ಯರನ್ನೂ ವಿಚಾರಿಸುತ್ತ ಹೋದರು. ಎಲ್ಲೆಡೆ ಕೇಳಿಬಂದ ಹೆಸರು ಡೈಕ್ಲೊಫೆನಾಕ್. ನೋವು, ಬಾವು, ಜ್ವರಗಳಿಗೆ ಮನುಷ್ಯರಿಗೂ ಕೊಡುವ, ಅಗ್ಗದ, ಬೇಗ ಗುಣ ತೋರುವ ಔಷಧ. ಮೂತ್ರಪಿಂಡ ಕೆಟ್ಟು ಸತ್ತಿದ್ದ 25 ಹದ್ದುಗಳನ್ನು ಪರೀಕ್ಷಿಸಿದರೆ 25ರಲ್ಲಿಯೂ ಅದು ಸಿಕ್ಕಿತು. ಬೇರೆ ಕಾರಣದಿಂದ ಸತ್ತಿದ್ದ 13ರಲ್ಲಿ ಒಂದರಲ್ಲಿಯೂ ಸಿಕ್ಕಲಿಲ್ಲ. 2004ರಲ್ಲಿ ಇದು ಪ್ರಕಟವಾಯಿತು.

ದನದ ಮೈಯಲ್ಲಿ ಈ ಔಷಧ ಕೆಲವು ದಿನಗಳಲ್ಲಿ ಕರಗಿಹೋಗುತ್ತದೆ. ದನ ಬದುಕಿದರೆ ಯಾರಿಗೂ ಕೇಡಿಲ್ಲ. ಆದರೆ ಸೂಜಿ ಹಾಕಿಸಿಕೊಂಡ ಎರಡು ಮೂರು ದಿನಗಳಲ್ಲಿ ದನ ಸತ್ತರೆ ಔಷಧ ಅದರ ಪಿತ್ತಜನಕಾಂಗದಲ್ಲಿ, ಮೂತ್ರಪಿಂಡದಲ್ಲಿ ಉಳಿದಿರುತ್ತದೆ. ಹದ್ದು ಎಂಥ ಕೊಳೆತುದನ್ನಾದರೂ ಅರಗಿಸಿಕೊಳ್ಳಬಲ್ಲ ಪ್ರಾಣಿ. ದನಗಳ ನೆರಡಿ ರೋಗದ ಕ್ರಿಮಿ ಕೂಡ ಅದರ ಹೊಟ್ಟೆಯ ಆಮ್ಲದಲ್ಲಿ ಉಳಿಯುವುದು ಕಷ್ಟ. ಅಂಥ ಜಠರಾಗ್ನಿಯುಳ್ಳ ಪ್ರಾಣಿಗೆ ನಮ್ಮ ಮೊಣಕಾಲು ನೋವಿನ ಔಷಧ ಅರಗಲಿಲ್ಲ. ಒಂದು ಹೆಣಕ್ಕೆ ಹತ್ತಾರು ಹದ್ದುಗಳು ಕೂಡಿ ಉಣ್ಣುವುದರಿಂದ ಒಂದು ದನದ ಮೈಯ ಮದ್ದು ಇಡೀ ಪಂಕ್ತಿಗೆ ಬಡಿಸಿದಂತಾಗುತ್ತಿತ್ತು. ನೂರು ಹೆಣಗಳಲ್ಲಿ ಒಂದಕ್ಕಿಂತ ಕಡಿಮೆ ಹೆಣಗಳಲ್ಲಿ ಇದು ಇದ್ದರೂ ಹದ್ದಿನ ಕುಲ ನಾಶವಾಗಲು ಸಾಕೆಂದು ಲೆಕ್ಕ ಹಾಕಿದ್ದಾರೆ. ನಮ್ಮ ದೇಶದಲ್ಲಿ ಪರೀಕ್ಷಿಸಿದಾಗ ನೂರರಲ್ಲಿ ಹತ್ತರಷ್ಟು ಹೆಣಗಳಲ್ಲಿ ಕಂಡುಬಂದಿತು. ವರ್ಷಕ್ಕೆ ಒಂದೇ ಮೊಟ್ಟೆ ಇಡುವ ಹಕ್ಕಿ ಈ ಸಾವನ್ನು ತುಂಬಿಕೊಳ್ಳುವುದು ಹೇಗೆ? 1992ರಿಂದ 2007ರ ನಡುವೆ ಭಾರತದ ಬಿಳಿಬೆನ್ನಿನ ರಣಹದ್ದುಗಳಲ್ಲಿ ಶೇಕಡ 99.9ರಷ್ಟು ಇಲ್ಲವಾದವು. ಸಾವಿರವಿದ್ದಲ್ಲಿ ಒಂದು ಉಳಿಯಿತೆಂದು ಇದರ ಅರ್ಥ. ಉದ್ದಕೊಕ್ಕಿನವು ಹಾಗೂ ತೆಳುಕೊಕ್ಕಿನವು ನೂರಕ್ಕೆ ಮೂರರಷ್ಟು ಉಳಿದವು.

ಇಲ್ಲಿ ನಮ್ಮನ್ನು ಬಹಳವಾಗಿ ಕಾಡುವ ಒಂದು ಸಂಗತಿಯಿದೆ. ಈ ಔಷಧವನ್ನು ಹೆಚ್ಚಾಗಿ ಯಾವ ದನಕ್ಕೆ ಕೊಡುತ್ತಾರೆ? ದುಡಿಯುವ, ಕೊಬ್ಬಿದ ದನಕ್ಕಲ್ಲ. ಮುಪ್ಪಾಗಿ ಬಿದ್ದ, ಇನ್ನು ಏಳಲಾರದ, ನರಳುವ ದನಕ್ಕೆ. ಕಟುಕನಿಗೆ ಕೊಟ್ಟುಬಿಡುವವರ ಮನೆಯಲ್ಲಿ ಈ ಖರ್ಚಿನ ಮಾತೇ ಇಲ್ಲ. ಕಾರಹುಣ್ಣಿಮೆಗೆ ಎತ್ತಿನ ಕೊಂಬಿಗೆ ಬಣ್ಣ ಹಚ್ಚಿ, ‘ಬಸವಣ್ಣ’ ಎಂದೇ ಕರೆದು ಹೋಳಿಗೆ ತಿನ್ನಿಸುವ ನಮ್ಮಂಥವರ ಮನೆಗಳಲ್ಲಿಯೇ, ‘ಸಾಯುವುದು ಸಾಯಲಿ, ನೋವಾದರೂ ತಗ್ಗಲಿ’ ಎಂದು ಸೂಜಿ ಹಾಕಿಸುತ್ತಾರೆ. ಹಾಗೆ ಸೂಜಿ ಹಾಕಿಸಿಕೊಂಡ ದನವೇ ಎರಡು ದಿನಗಳಲ್ಲಿ ದಿಬ್ಬ ಸೇರುತ್ತದೆ. ಕರುಣೆ ಇದ್ದಲ್ಲಿಯೇ ವಿಷ ಹೆಚ್ಚಿತು.

1998ರ ಬೇಸಗೆ ಎಂದು ನೆನಪು. ಮಠದ ದನದ ಮನೆಯ ಉಸ್ತುವಾರಿ ಆಗ ನಮ್ಮದಾಗಿತ್ತು. ಇಪ್ಪತ್ತು ವರ್ಷ ಗಾಡಿ ಎಳೆದಿದ್ದ ಎತ್ತೊಂದು ಹಿಂಗಾಲು ಬಾತು ಬಿದ್ದುಕೊಂಡಿತ್ತು. ದನ ನೋಡಿಕೊಳ್ಳುತ್ತಿದ್ದ ಹಿರಿಯರು, “ಶಾಸ್ತ್ರಿಗಳ, ಅದರ ಸಂಕಟ ನೋಡಾಕ ಆಗವಲ್ದರಿ, ಒಂದ್ ಸೂಜಿ ಹಾಕಸ್ರಿ” ಎಂದರು. ಹಾಕಿಸಿದೆವು, ಮರುದಿನ ಮತ್ತೊಂದು. ಎತ್ತು ಒಮ್ಮೆ ಎದ್ದು ನಿಂತಿತು, ನೀರು ಕುಡಿಯಿತು. ಮೂರನೆಯ ದಿನ ಹೋಯಿತು. ದಿಬ್ಬಕ್ಕೆ ಒಯ್ದರು. ಆಗಿನ್ನೂ ನಾಲ್ಕಾರು ಹದ್ದುಗಳು ಬರುತ್ತಿದ್ದವು. ಅದಾದ ಕೆಲವು ದಿನಗಳ ಮೇಲೆ ಹಳ್ಳದ ದಂಡೆಯ ಹುಣಸೆಯ ಮರದಲ್ಲಿ ಹದ್ದೊಂದು ಕುತ್ತಿಗೆ ಇಳಿಬಿಟ್ಟು ಕುಳಿತಿದ್ದನ್ನು ಕಂಡು, ನಿದ್ದೆ ಮಾಡುತ್ತಿದೆ ಎಂದುಕೊಂಡು ಮುಂದೆ ನಡೆದದ್ದು ನೆನಪಿದೆ. 2012ರಲ್ಲಿ ರಾಮನಗರದ ರಾಮದೇವರಬೆಟ್ಟವನ್ನು ಸರ್ಕಾರವು ರಣಹದ್ದುಗಳ ಧಾಮವೆಂದು ಘೋಷಿಸಿದ ಸುದ್ದಿ ಓದುವಾಗ ಡೈಕ್ಲೊಫೆನಾಕ್ ಎಂಬ ಹೆಸರು ಮೊದಲ ಬಾರಿಗೆ ನಮ್ಮ ಕಣ್ಣಿಗೆ ಬಿತ್ತು. ಏಕೋ ಮನಸ್ಸು ತಡೆಯಲಿಲ್ಲ. ಮಠದ ಹಳೆಯ ಕಿರ್ದಿಗಳನ್ನು ತೆಗೆಸಿ ನೋಡಿದೆವು. ದನದ ಮನೆಯ ಖರ್ಚಿನ ಪುಟದಲ್ಲಿ, ಹಿಂಡಿ ಹೊಟ್ಟುಗಳ ಕೆಳಗೆ, ಆ ಹೆಸರು ಎರಡು ಸಲ ನಮ್ಮದೇ ಕೈಬರಹದಲ್ಲಿತ್ತು. ಆ ಹದ್ದು ನಮ್ಮ ಎತ್ತಿನಿಂದಲೇ ಸತ್ತಿತೆಂದು ಹೇಳಲು ಆಧಾರವಿಲ್ಲ, ಅಲ್ಲವೆನ್ನಲೂ ಇಲ್ಲ.

ದನಗಳಿಗೆ ಡೈಕ್ಲೊಫೆನಾಕ್ ಕೊಡುವುದನ್ನು ಭಾರತ ಸರ್ಕಾರವು 2006ರಲ್ಲಿ ನಿಷೇಧಿಸಿತು. ನೇಪಾಳ, ಪಾಕಿಸ್ತಾನಗಳೂ ಅದೇ ವರ್ಷ ನಿಷೇಧಿಸಿದವು. ಆದರೆ ಮನುಷ್ಯರ ಔಷಧವಾಗಿ ಅದು ಉಳಿದಿತ್ತು. ಮನುಷ್ಯನಿಗೆ 3 ಮಿಲಿಲೀಟರ್ ಸಾಕಾಗುವ ಔಷಧವನ್ನು 30 ಮಿಲಿಲೀಟರಿನ ಸೀಸೆಗಳಲ್ಲಿ ಮಾರುತ್ತಿದ್ದರು. ಅಷ್ಟು ದೊಡ್ಡ ಸೀಸೆ ಯಾವ ಮನುಷ್ಯನಿಗೆ? ಅದು ನೇರವಾಗಿ ದನದ ಮನೆಗೆ ಹೋಗುತ್ತಿತ್ತು. 2015ರಲ್ಲಿ 3 ಮಿಲಿಲೀಟರಿಗಿಂತ ದೊಡ್ಡ ಸೀಸೆಗಳನ್ನು ನಿಲ್ಲಿಸಲಾಯಿತು. ಅದರ ಬದಲಿಗೆ ಬಂದ ಔಷಧಗಳಲ್ಲಿ ಕೆಲವು ಅದರ ತಮ್ಮಂದಿರೇ ಆಗಿದ್ದವು: ಅಸಿಕ್ಲೊಫೆನಾಕ್ ಎಂಬುದು ದನದ ಮೈಯೊಳಗೆ ಹೊಕ್ಕು ಡೈಕ್ಲೊಫೆನಾಕ್ ಆಗಿಯೇ ಮಾರ್ಪಡುತ್ತದೆ, ಕೀಟೊಪ್ರೊಫೆನ್ ಕೂಡ ಹದ್ದಿಗೆ ಮಾರಕ. ಇವೆರಡನ್ನೂ ಪಶುಗಳಿಗೆ ಕೊಡಬಾರದೆಂದು 2023ರಲ್ಲಿ ಆಜ್ಞೆಯಾಯಿತು. ಹದ್ದಿಗೆ ಕೇಡಿಲ್ಲದ ನೋವಿನ ಔಷಧವೂ ಉಂಟು. ಅದರ ಹೆಸರು ಮೆಲಾಕ್ಸಿಕ್ಯಾಮ್. ಹದ್ದುಗಳ ಮೇಲೆ ಪರೀಕ್ಷಿಸಿ ಅದು ನಿರಪಾಯವೆಂದು 2006ರಲ್ಲಿಯೇ ತೋರಿಸಿದ್ದಾರೆ. ಹರಿಯಾಣದ ಪಿಂಜೋರಿನಲ್ಲಿ ಹದ್ದುಗಳನ್ನು ಸಾಕಿ ಮರಿಮಾಡಿಸುವ ಕೇಂದ್ರವೂ ನಡೆದಿದೆ. ನಮ್ಮ ನಾಡಿನಲ್ಲಿ ಬಂಡೀಪುರ, ನಾಗರಹೊಳೆಗಳಂಥ ಕಾಡುಗಳಲ್ಲಿ ಹದ್ದುಗಳು ಅಷ್ಟಿಷ್ಟು ಉಳಿದಿವೆ. ಅಲ್ಲಿ ಸಾಯುವ ಜಿಂಕೆ ಕಾಟಿಗಳಿಗೆ ಸೂಜಿ ಹಾಕುವವರಿಲ್ಲ.

ಹದ್ದು ಹೋದರೆ ಮನುಷ್ಯನಿಗೇನು ಎಂದು ಕೇಳುವವರಿದ್ದಾರೆ. ಹೆಣ ಕೊಳೆಯದೆ ಇರುವುದಿಲ್ಲವಲ್ಲ. ಹದ್ದಿನ ಪಾಲಿನ ಅನ್ನ ನಾಯಿಗಳಿಗಾಯಿತು. ನಾಯಿಗಳು ಹೆಚ್ಚಿದವು, ಹುಚ್ಚುನಾಯಿ ಕಡಿತವೂ ಹೆಚ್ಚಿತು. ಉಳಿದದ್ದು ಮಳೆಗೆ ತೊಳೆದು ಹಳ್ಳಕ್ಕೆ ಇಳಿಯಿತು. ಇಯಾಲ್ ಫ್ರಾಂಕ್ ಮತ್ತು ಅನಂತ ಸುದರ್ಶನ್ ಎಂಬ ಇಬ್ಬರು ಅರ್ಥಶಾಸ್ತ್ರಜ್ಞರು, ಮೊದಲು ಹದ್ದುಗಳಿದ್ದ ಜಿಲ್ಲೆಗಳನ್ನೂ ಇಲ್ಲದಿದ್ದ ಜಿಲ್ಲೆಗಳನ್ನೂ ಹೋಲಿಸಿ, 2000ದಿಂದ 2005ರವರೆಗೆ ಈ ಕಾರಣದಿಂದ ಸುಮಾರು ಐದು ಲಕ್ಷ ಜನ ಹೆಚ್ಚಾಗಿ ಸತ್ತರೆಂದು 2024ರಲ್ಲಿ ಅಂದಾಜು ಮಾಡಿದ್ದಾರೆ. ಅಂದಾಜು ಅಂದಾಜೇ, ಆದರೂ ಆ ಸಂಖ್ಯೆಯನ್ನು ಓದಿದ ರಾತ್ರಿ ನಮಗೆ ನಿದ್ದೆ ಹತ್ತಲಿಲ್ಲ. ಮೃತದೇಹವನ್ನು ಹದ್ದುಗಳಿಗೆ ಒಪ್ಪಿಸುವ ಸಂಪ್ರದಾಯದ ಮುಂಬಯಿಯ ಪಾರಸಿ ಬಂಧುಗಳಿಗಂತೂ ತಮ್ಮ ಅಂತ್ಯಸಂಸ್ಕಾರದ ಕ್ರಮವೇ ಕೈತಪ್ಪಿತು.

ಇಷ್ಟು ಹೊತ್ತು ಹೇಳಿದ್ದು ದನದ ಮೈಯನ್ನು ಹೊಕ್ಕು ಹೊರಟ ಮದ್ದಿನ ಕಥೆ. ಯಾವ ಮೈಯನ್ನೂ ಹೊಗದೆ, ಹುಟ್ಟಿದ ಕಾರ್ಖಾನೆಯಿಂದಲೇ ಹೊಳೆಗೆ ಇಳಿದ ಮದ್ದಿನ ಕಥೆ ಬೇರೆಯಿದೆ. ಬೀದರಿನಿಂದ ಜಹೀರಾಬಾದ್ ಮಾರ್ಗವಾಗಿ ಹೈದರಾಬಾದಿಗೆ ಹೋದವರಿಗೆ ಪಟನ್‌ಚೆರು ಗೊತ್ತಿರುತ್ತದೆ. ಬಸ್ಸಿನ ಕಿಟಕಿ ಮುಚ್ಚಿದರೂ ಅಲ್ಲಿನ ಗಾಳಿಯ ಘಾಟು ಮೂಗಿಗೆ ಹತ್ತುತ್ತಿದ್ದುದನ್ನು ನಾವೂ ಅನುಭವಿಸಿದ್ದೇವೆ. ದೇಶಕ್ಕೂ ಹೊರದೇಶಗಳಿಗೂ ಬೇಕಾದ ಔಷಧಗಳ ಮೂಲದ್ರವ್ಯ ಅಲ್ಲಿ ತಯಾರಾಗುತ್ತದೆ. ಸುಮಾರು 90 ಕಾರ್ಖಾನೆಗಳ ಕೊಳಚೆ ಒಂದೇ ಶುದ್ಧೀಕರಣ ಘಟಕಕ್ಕೆ ಬಂದು, ಶುದ್ಧವಾಯಿತೆಂಬ ಹೆಸರಿನಲ್ಲಿ ಹೊರಬಿದ್ದು, ನಕ್ಕವಾಗು ಎಂಬ ಹಳ್ಳದ ಮೂಲಕ ಮಾಂಜ್ರಾ ನದಿಯ ಕಡೆಗೆ ಹರಿಯುತ್ತಿತ್ತು. ಸ್ವೀಡನ್ನಿನ ಯೋಆಕಿಮ್ ಲಾರ್ಸನ್ ಎಂಬ ವಿಜ್ಞಾನಿ ಮತ್ತು ಸಂಗಡಿಗರು ಆ ‘ಶುದ್ಧ’ ನೀರನ್ನು ಪರೀಕ್ಷಿಸಿ 2007ರಲ್ಲಿ ಪ್ರಕಟಿಸಿದರು. ಸಿಪ್ರೊಫ್ಲಾಕ್ಸಸಿನ್ ಎಂಬ ಪ್ರತಿಜೀವಕ ಔಷಧ ಲೀಟರಿಗೆ 31 ಮಿಲಿಗ್ರಾಂವರೆಗೆ ಇತ್ತು. ಆ ಮಾತ್ರೆ ನುಂಗಿದ ರೋಗಿಯ ರಕ್ತದಲ್ಲಿಯೂ ಅಷ್ಟು ಇರುವುದಿಲ್ಲ. ದಿನವೊಂದಕ್ಕೆ ಹೊರಹೋಗುತ್ತಿದ್ದ ಆ ಔಷಧದ ತೂಕ ಸುಮಾರು 45 ಕಿಲೊಗ್ರಾಂ. ಇಡೀ ಸ್ವೀಡನ್ ದೇಶದ ಜನ ಐದು ದಿನ ಸೇವಿಸುವಷ್ಟು. ಸುತ್ತಲಿನ ಕೆರೆಗಳಲ್ಲಿ, ಹಳ್ಳಿಗಳ ಬಾವಿಗಳಲ್ಲಿ ಕೂಡ ಔಷಧಗಳ ಅಂಶ ಕಂಡುಬಂದಿತು.

ಇದರಲ್ಲಿ ಒಂದು ವಿಚಿತ್ರವಿದೆ. ಕೊಳಚೆ ನೀರನ್ನು ಶುದ್ಧಮಾಡುವವು ಸೂಕ್ಷ್ಮಜೀವಿಗಳೇ; ಘಟಕದವರು ಅವುಗಳಿಗೆ ಗಾಳಿ ಊದಿ ಸಾಕುತ್ತಾರೆ. ಅವುಗಳ ಬಲ ಕುಂದದಿರಲೆಂದು ಮನುಷ್ಯರ ಮಲಮೂತ್ರದ ಕೊಳಚೆಯನ್ನೂ ಬೆರೆಸುತ್ತಿದ್ದರು. ಸೂಕ್ಷ್ಮಜೀವಿಗಳನ್ನು ಕೊಲ್ಲುವ ಔಷಧದಲ್ಲಿ ಸೂಕ್ಷ್ಮಜೀವಿಗಳನ್ನು ಸಾಕಿದರೆ ಉಳಿಯುವವು ಯಾವುವು? ಆ ಔಷಧಕ್ಕೆ ಜಗ್ಗದವು. ಮಲದೊಡನೆ ಬಂದ ರೋಗಾಣುಗಳಿಗೆ ಅವುಗಳ ಸಹವಾಸದಲ್ಲಿ ವಿದ್ಯಾಭ್ಯಾಸ ನಡೆದಂತಾಯಿತು. ಅದೊಂದು ಗುರುಕುಲವೇ ಸರಿ. ಔಷಧಗಳಿಗೆ ಬಗ್ಗದ ಸೋಂಕುಗಳಿಂದ ನೇರವಾಗಿ 2019ರೊಂದೇ ವರ್ಷದಲ್ಲಿ ಜಗತ್ತಿನಲ್ಲಿ ಸುಮಾರು 12 ಲಕ್ಷ 70 ಸಾವಿರ ಜನ ಸತ್ತರೆಂದು ಲೆಕ್ಕ ಹಾಕಲಾಗಿದೆ. ಇದೆಲ್ಲವೂ ಕಾರ್ಖಾನೆಗಳಿಂದಾಯಿತೆಂದು ನಾವು ಹೇಳುವುದಿಲ್ಲ; ಮನೆಮನೆಯ ಪಾಲೂ ಇದೆ. ಪಟನ್‌ಚೆರುವಿನ ಮಾಲಿನ್ಯದ ಪ್ರಕರಣ 1990ರಲ್ಲಿಯೇ ಸುಪ್ರೀಂ ಕೋರ್ಟಿನ ಮೆಟ್ಟಿಲೇರಿತ್ತು. ಕಾರ್ಖಾನೆಯ ನೀರಿನಲ್ಲಿ ಪ್ರತಿಜೀವಕಗಳು ಎಷ್ಟಿರಬಹುದೆಂಬ ಮಿತಿಯನ್ನು ಕೇಂದ್ರ ಸರ್ಕಾರ 2020ರಲ್ಲಿ ಕರಡು ನಿಯಮವಾಗಿ ಪ್ರಕಟಿಸಿತು. 2021ರ ಅಂತಿಮ ನಿಯಮದಲ್ಲಿ ಆ ಮಿತಿಗಳು ಇರಲಿಲ್ಲ. ಕಡಮೆ ಬೆಲೆಗೆ ಮಾತ್ರೆ ಬೇಕೆನ್ನುವ ನಾವೂ, ಇನ್ನೂ ಕಡಮೆ ಬೆಲೆಗೆ ಬೇಕೆನ್ನುವ ಹೊರದೇಶಗಳೂ ಆ ಹಳ್ಳದ ದಂಡೆಯ ರೈತನಿಗೆ ಋಣಿಗಳು. ಆ ಋಣ ಯಾವ ಚೀಟಿಯಲ್ಲಿಯೂ ಬರೆದಿರುವುದಿಲ್ಲ.

ಮನೆಯ ಪಾಲು ಎಂದೆವು. ಪ್ರತಿ ಮನೆಯಲ್ಲಿ ಗೂಡಿನಲ್ಲೋ ಕಪಾಟಿನಲ್ಲೋ ಒಂದು ಡಬ್ಬಿಯಿರುತ್ತದೆ. ಅದರಲ್ಲಿ ಯಾರೋ ಅರ್ಧ ನುಂಗಿ ಬಿಟ್ಟ ಮಾತ್ರೆಗಳ ಹಾಳೆ, ತಾರೀಖು ಮುಗಿದ ಸೀಸೆ. ನೆಗಡಿಯಾದೊಡನೆ ಅದರಿಂದ ಎರಡು ಪ್ರತಿಜೀವಕ ಮಾತ್ರೆ ತೆಗೆದು ನುಂಗುವ ಹಿರಿಯರು ನಮ್ಮ ಬಳಗದಲ್ಲಿಯೇ ಇದ್ದಾರೆ. ನೆಗಡಿಯ ವೈರಾಣುವಿಗೆ ಆ ಮಾತ್ರೆ ಏನೂ ಮಾಡದು. ಸಿಪ್ರೊಫ್ಲಾಕ್ಸಸಿನ್‌ನಂಥದರಲ್ಲಿ ಅರ್ಧಕ್ಕೆ ಸಮೀಪದಷ್ಟು ಇದ್ದದ್ದು ಇದ್ದ ಹಾಗೆಯೇ ಮೂತ್ರದಲ್ಲಿ ಹೊರಹೋಗುತ್ತದೆ. ಹಬ್ಬಕ್ಕೆ ಮನೆ ಸಾರಿಸುವಾಗ ಡಬ್ಬಿಯನ್ನು ಬಚ್ಚಲಿಗೆ ಸುರಿಯುವ ತಾಯಂದಿರೂ ಇದ್ದಾರೆ. ಬಚ್ಚಲು ಹಳ್ಳಕ್ಕೆ, ಹಳ್ಳ ಕೆರೆಗೆ. ವೈದ್ಯರು ಹೇಳಿದಷ್ಟು ದಿನ ತಪ್ಪದೆ ನುಂಗಿದರೆ ಡಬ್ಬಿಯೇ ತುಂಬುವುದಿಲ್ಲ.

ಕಳೆದ ವರ್ಷ ಮಾಘಮಾಸದಲ್ಲಿ ಮಠದ ಹಳೆಯ ಎತ್ತು ಮತ್ತೆ ಮಲಗಿತು. ಬಂದ ದನದ ಡಾಕ್ಟರು ವಯಸ್ಸಿನಲ್ಲಿ ಚಿಕ್ಕವರು. ಸೀಸೆಯನ್ನು ಕೈಗೆ ಕೊಡಿರೆಂದು ಕೇಳಿ, ಕನ್ನಡಕ ಏರಿಸಿ ಅಕ್ಷರ ಕೂಡಿಸಿ ಓದಿದೆವು. “ಶಾಸ್ತ್ರಿಗಳ, ನಿಮಗ್ಯಾಕ್ರಿ ಇದೆಲ್ಲಾ?” ಎಂದು ಅವರು ನಕ್ಕರು. ಮೆಲಾಕ್ಸಿಕ್ಯಾಮ್ ಎಂದಿತ್ತು, ಹಾಕಿರೆಂದೆವು. ಎಂಟು ದಿನ ಎತ್ತು ಸಮಾಧಾನವಾಗಿಯೇ ಮೇವು ಮೆಲುಕಿತು. ಒಂಬತ್ತನೆಯ ಬೆಳಗಿನಲ್ಲಿ ಹೋಯಿತು. ಅದರ ಮೈಯಲ್ಲಿ ಯಾವ ಹದ್ದಿಗೂ ಕೇಡು ಮಾಡುವಂಥದು ಇರಲಿಲ್ಲ. ಆದರೆ ದಿಬ್ಬಕ್ಕೆ ಒಯ್ದರೆ ಬರುವವು ನಾಯಿಗಳೇ. ಆದುದರಿಂದ ಪೇಟೆಯಿಂದ ಜೆಸಿಬಿ ಯಂತ್ರ ತರಿಸಿ, ಹೊಲದ ಮೂಲೆಯಲ್ಲಿ ಆಳವಾಗಿ ಗುಂಡಿ ತೋಡಿಸಿ, ಸುಣ್ಣ ಹಾಕಿ ಹೂಳಿಸಿದೆವು. ಯಂತ್ರದ ಬಾಡಿಗೆಯನ್ನು ದನದ ಮನೆಯ ಖರ್ಚಿನ ಪುಟದಲ್ಲಿ ನಾವೇ ಬರೆದೆವು.